ಕೊಂದರು, ಸತ್ತರು

ಶಹಾಬಾದಿನ ಸಣ್ಣ ದಿನಪತ್ರಿಕೆಯೊಂದರಲ್ಲಿ ನಾನು ವಿದೇಶದ ಸುದ್ದಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸುತ್ತಿದ್ದೆ. ಗಾಜಾ ಯುದ್ಧ ಶುರುವಾಗಿ ಕೆಲವು ತಿಂಗಳಾಗಿದ್ದವು. ಒಂದು ಮುಂಜಾನೆ, ವಾಡಿಯ ಶಾಲೆಯಲ್ಲಿ ನನಗೆ ವ್ಯಾಕರಣ ಕಲಿಸಿದ ಗುರುಗಳು ಪ್ಯಾಸೆಂಜರ್ ರೈಲು ಹಿಡಿದು ನಮ್ಮ ಆಫೀಸಿಗೆ ಬಂದರು. ಕುರ್ಚಿ ಕೊಟ್ಟರೂ ಕುಳಿತುಕೊಳ್ಳಲಿಲ್ಲ. ನಮ್ಮ ಪತ್ರಿಕೆಯಿಂದ ಕತ್ತರಿಸಿದ ಎರಡು ಸುದ್ದಿಗಳನ್ನು ಮೇಜಿನ ಮೇಲಿಟ್ಟರು. ಎರಡೂ ನನ್ನ ಅನುವಾದವೇ.

“ಇಸ್ರೇಲಿನ ಮಂದೀನ ಉಗ್ರರು ಕೊಂದರು ಅಂತ ಬರ್ದೀದಿ. ಖರೇ ಅದ, ಕೊಂದಾರ. ಗಾಜಾದ ಕೂಸುಗಳು ಮಾತ್ರ ‘ಸತ್ತವು’. ಅವಕ್ಕ ಜ್ವರ ಬಂದಿತ್ತೇನು? ಈ ವಾಕ್ಯದಾಗ ಕರ್ತೃ ಎಲ್ಲಿ ಹೋದ, ತಮ್ಮಾ?”

“ಸುದ್ದಿ ಏಜೆನ್ಸಿಯಿಂದ ಹಂಗೇ ಬಂದಿತ್ರಿ ಸರ್,” ಎಂದೆ.

“ನಾ ನಿನಗ ಕೇಳಾಕತ್ತೀನಿ,” ಎಂದರು.

ಅಂದು ಸಂಜೆ ಬಂದ ಸುದ್ದಿಗೆ ‘ಇಸ್ರೇಲಿ ವಿಮಾನಗಳು ಬಾಂಬ್ ಹಾಕಿ ಒಂದೇ ಮನೆಯ ಮಕ್ಕಳನ್ನು ಕೊಂದವು’ ಎಂದು ತಲೆಬರಹ ಕೊಟ್ಟೆ. ಸಂಪಾದಕರು ಓದಿ ನಕ್ಕರು.

“ಯಾಕ್ ಬೇಕ್ರಿ ಇಲ್ಲದ ಉಸಾಬರಿ? ನಮ್ಮ ಓದುಗರು ಸಿಟ್ಟಾಗ್ತಾರ,” ಎನ್ನುತ್ತ ಅದನ್ನು ‘ಗಾಜಾದಲ್ಲಿ ಸ್ಫೋಟ: ಮಕ್ಕಳ ಸಾವು’ ಎಂದು ತಿದ್ದಿದರು. ನಾನು ಅದೇ ತಲೆಬರಹ ಹಾಕಿ ಪುಟ ಮುಗಿಸಿ ಚಹಾ ಕುಡಿಯಲಿಕ್ಕೆ ಹೋದೆ.

ಮರುದಿನದಿಂದ ಗುರುಗಳು ನಮ್ಮ ಪತ್ರಿಕೆ ತರಿಸುವುದನ್ನು ಬಿಟ್ಟರು. ಆಮೇಲೊಮ್ಮೆ ವಾಡಿ ಸ್ಟೇಷನ್ನಿನಲ್ಲಿ ಎದುರಾದಾಗ ನಮಸ್ಕಾರ ಮಾಡಿದೆ. ಅವರು ಕೈ ಎತ್ತಲಿಲ್ಲ. ತಪ್ಪು ನನ್ನದೆಂದು ಗೊತ್ತಿದ್ದರೂ ನನಗೆ ಸಿಟ್ಟು ಬಂದದ್ದು ಅವರ ಮೇಲೆಯೇ. ಎಲ್ಲಿಯದೋ ಮಕ್ಕಳಿಗಾಗಿ ಈ ಮುದುಕ ನನ್ನನ್ನು ಹೀಗೆ ಅವಮಾನಿಸಬೇಕೇ ಅನ್ನಿಸಿತು. ಆ ಸಿಟ್ಟಿನಲ್ಲೇ ಇನ್ನೂ ಒಂದು ವರ್ಷ ಅದೇ ಮೇಜಿನ ಮುಂದೆ ಕೂತು, ಸಂಪಾದಕರು ತಿದ್ದುವ ಕಷ್ಟವೂ ಇಲ್ಲದಂತೆ ಬರೆದುಕೊಟ್ಟೆ.