ಕುರ್ಚಿಯ ಮೇಲೆ ನಿಂತವಳು

ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಮಗಳ ಮನೆ ಸೇರಿ ವರ್ಷಗಳೇ ಕಳೆದಿದ್ದರೂ ಗಂಗವ್ವನಿಗೆ ಅಲ್ಲಿಯ ಹಗಲು ಅರ್ಧ ನಿದ್ದೆಯ ಹಾಗೆಯೇ ಇತ್ತು. ಬೂದು ಬೆಳಕು, ಏರು ಹತ್ತುವ ಬಸ್ಸುಗಳು, ಯಾರೂ ಯಾರನ್ನೂ ಕೂಗಿ ಕರೆಯದ ಬೀದಿ. ಹುನಗುಂದದ ಕಡೆಯ ಹಳ್ಳಿಯಲ್ಲಿ ಗಂಡ ತೀರಿಕೊಂಡ ಮೇಲೆ ಮಗಳು ನಿವೇದಿತಾ ಕರೆತಂದಿದ್ದಳು. ನಿವೇದಿತಾ ಆಸ್ಪತ್ರೆಯಲ್ಲಿ ಡಾಕ್ಟರು. ಡ್ಯೂಟಿಯಿಂದ ಬಿಡುವು ಸಿಕ್ಕ ಒಂದು ಶನಿವಾರ ಅವ್ವನನ್ನು ಮ್ಯಾಂಚೆಸ್ಟರಿನ ರೈಲು ಹತ್ತಿಸಿದಳು. ಜನ ತಮ್ಮ ಹಕ್ಕಿಗಾಗಿ ಹೋರಾಡಿದ ಜಾಗಗಳನ್ನು ನಡೆದು ತೋರಿಸುವ ಟೂರ್ ಒಂದು ಅಲ್ಲಿತ್ತು.

ತೋರಿಸುವವನು ಡೆಲ್ರಾಯ್, ಜಮೈಕಾದಿಂದ ಬಂದು ನೆಲೆಸಿದ ಮನೆತನದವನು. ಗಂಗವ್ವನಿಗೆ ಅವನ ಇಂಗ್ಲಿಷು ತಿಳಿಯದು. ಆದರೆ ಆ ದನಿ ದೂರದ ಹಳ್ಳದ ನೀರಿನಂತೆ ಹಿತವಾಗಿತ್ತು. ಇಳಕಲ್ ಸೀರೆಯ ಮೇಲೆ ಕೋಟು ತೊಟ್ಟು, ಮಂಜಿನಲ್ಲಿ ಆ ದನಿಯ ಹಿಂದೆಯೇ ನಡೆದಳು.

ಮೊದಲು ಸಿಕ್ಕಿದ್ದು ಸುತ್ತು ಸುತ್ತಾಗಿ ಏರುವ ಕಲ್ಲಿನ ಮೆಟ್ಟಿಲುಗಳ ಸ್ಮಾರಕ. ಇನ್ನೂರು ವರ್ಷಗಳ ಹಿಂದೆ ವೋಟಿನ ಹಕ್ಕು ಕೇಳಲು ಸೇರಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದ್ದರಂತೆ. ಬಿಳಿ ಬಟ್ಟೆ ತೊಟ್ಟ ಹೆಂಗಸರೂ ಆ ಗುಂಪಿನಲ್ಲಿದ್ದರಂತೆ. ನಿವೇದಿತಾ ಇದನ್ನು ಹೇಳುತ್ತಿದ್ದಂತೆ ಗಂಗವ್ವ ಬೂಟು ಕಳಚಿಟ್ಟು, ಸತ್ತವರ ಹೆಸರುಗಳ ಮೇಲೆ ಬೆರಳಾಡಿಸಿದಳು. ಮಂಜಿನೊಳಗೆ ಬಿಳಿ ಸೆರಗುಗಳು ಸರಿದಾಡಿದಂತೆ ಅವಳಿಗೆ ಕಂಡಿತು.

ಅಲ್ಲಿಂದ ಚೌಕಕ್ಕೆ ಬಂದರು. ಕಂಚಿನ ಹೆಂಗಸೊಬ್ಬಳು ಕುರ್ಚಿಯ ಮೇಲೆ ನಿಂತು ಕೈ ಚಾಚಿದ್ದಳು.

"ಅಕಿ ಕುರ್ಚಿ ಮ್ಯಾಲ ಯಾಕ ನಿಂತಾಳ?" ಎಂದು ಗಂಗವ್ವ ಕೇಳಿದಳು.

ಹೆಂಗಸರಿಗೂ ವೋಟು ಬೇಕೆಂದು ಹೋರಾಡಿದವಳು, ಅಂಥವರಿಗೆ ಆಗ ವೇದಿಕೆ ಕೊಡುವವರಿರಲಿಲ್ಲ, ಸಿಕ್ಕ ಕುರ್ಚಿಯೇ ವೇದಿಕೆ ಎಂದ ಡೆಲ್ರಾಯ್. ನಿವೇದಿತಾ ಅದನ್ನು ಕನ್ನಡದಲ್ಲಿ ಹೇಳಿದಳು. ಹಳದಿ ಟ್ರಾಮೊಂದು ಸದ್ದಿಲ್ಲದೆ ತೇಲಿಹೋಯಿತು. ಗಂಗವ್ವ ಪ್ರತಿಮೆಯಿಂದ ಕಣ್ಣು ತೆಗೆಯಲಿಲ್ಲ.

"ನನಗ ಕುರ್ಚಿ ಮ್ಯಾಲ ಕುಂದರಾಕಽ ಒಂದ್ ವರ್ಷ ಹಿಡೀತು" ಎಂದಳು.

ಮಗಳಿಗೆ ಅರ್ಥವಾಗಲಿಲ್ಲ. ಆಗ ಗಂಗವ್ವ ನಿದ್ದೆಯಲ್ಲಿ ಮಾತಾಡುವವಳ ಹಾಗೆ ಹೇಳತೊಡಗಿದಳು. ಹೆಂಗಸರ ಮೀಸಲಾತಿ ಬಂದಾಗ ಅವಳು ಪಂಚಾಯ್ತಿಗೆ ಆರಿಸಿಬಂದು ಅಧ್ಯಕ್ಷೆಯಾದಳು. ಅಧ್ಯಕ್ಷರ ಕುರ್ಚಿಯಲ್ಲಿ ಕೂರುತ್ತಿದ್ದವನು ಮಾತ್ರ ಗಂಡ. ಅವಳು ಅಡಿಗೆಮನೆಯಲ್ಲೇ ಸಹಿ ಹಾಕುತ್ತಿದ್ದಳು. ದಲಿತ ಕೇರಿಗೆ ನಳ ಬೇಡವೆಂದು ತೀರ್ಮಾನವಾಗಲಿದ್ದ ದಿನ, ಆ ಕೇರಿಯ ಹೆಂಗಸರು ಬಂದು ಅವಳ ಬಾಗಿಲಲ್ಲಿ ನಿಂತರು. ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಸಭೆಗೆ ಹೋದಳು.

"'ಏಳ್ರಿ, ಅದು ನನ್ನ ಕುರ್ಚಿ' ಅಂದೆ."

"ಅಪ್ಪ ಏನಂದ್ರು?"

"ಎದ್ದು ಹೋದ್ರು. ನಳ ಬಂತು. ಆದ್ರ ನಿಮ್ಮಪ್ಪ ಭಾಳ ದಿನ ನನ್ನ ಜೋಡಿ ಮಾತಾಡ್ಲಿಲ್ಲ. ಬಳಗದವ್ರು ನಮ್ಮನ್ಯಾಗ ಉಣ್ಣೂದ ಬಿಟ್ರು."

ನಿವೇದಿತಾ ಆಗ ಧಾರವಾಡದ ಹಾಸ್ಟೆಲಿನಲ್ಲಿದ್ದಳು. ರಜೆಗೆ ಬಂದಾಗ ಮನೆಯಲ್ಲಿ ಕವಿದಿದ್ದ ಮೌನ ಅವಳಿಗೆ ಚೆನ್ನಾಗಿ ನೆನಪಿತ್ತು. ತಾನು ಹಟ ಹಿಡಿದು ದೂರ ಓದಲು ಹೋದದ್ದೇ ಅದಕ್ಕೆ ಕಾರಣವೆಂದು ಇಷ್ಟು ಕಾಲವೂ ನಂಬಿದ್ದಳು. ಅದನ್ನು ಈಗ ಬಾಯಿಬಿಟ್ಟು ಹೇಳಿದಳು.

"ನಿನ್ನ ಮ್ಯಾಲ ಅವರಿಗೆ ಎಂದೂ ಸಿಟ್ಟಿರ್ಲಿಲ್ಲವ್ವಾ" ಎಂದು ಗಂಗವ್ವ ಮಗಳ ಕೆನ್ನೆ ಮುಟ್ಟಿದಳು.

ನಿವೇದಿತಾ ಕಣ್ಣೊರೆಸಿಕೊಂಡು ಅವ್ವನ ಕಥೆಯನ್ನು ಡೆಲ್ರಾಯನಿಗೂ ತಿಳಿಸಿದಳು. ಅವನು ಟೊಪ್ಪಿಗೆ ತೆಗೆದು, ಈಗ ಇಲ್ಲಿ ವೋಟು ಹಾಕುತ್ತೀರಾ ಎಂದು ಮಗಳ ಮೂಲಕ ಗಂಗವ್ವನನ್ನು ಕೇಳಿದ. ಪರದೇಶದವಳಿಗೆ ಎಲ್ಲಿಯ ವೋಟು ಎಂದು ಅವಳು ನಕ್ಕಳು. ಕಾಮನ್‌ವೆಲ್ತ್ ದೇಶದವರು ಇಲ್ಲೇ ನೆಲೆಸಿದ್ದರೆ ಹಾಕಬಹುದು ಎಂದ ಅವನು. ನಿವೇದಿತಾಳಿಗೆ ಅದು ಗೊತ್ತಿತ್ತು, ಅವ್ವನನ್ನು ಕೇಳಬೇಕೆಂದು ಮಾತ್ರ ಎಂದೂ ಹೊಳೆದಿರಲಿಲ್ಲ.

ಮೇ ತಿಂಗಳಲ್ಲಿ ನಗರದ ಕೌನ್ಸಿಲ್ ಚುನಾವಣೆ ಬಂತು. ಮತಗಟ್ಟೆಯಾಗಿದ್ದ ಚರ್ಚಿನ ಸಭಾಂಗಣದಲ್ಲಿ ಗಂಗವ್ವ ಪಾಸ್‌ಪೋರ್ಟು ತೋರಿಸಿ, ಪೆನ್ಸಿಲಿನಿಂದ ಗುರುತು ಹಾಕಿ, ಚೀಟಿಯನ್ನು ಪೆಟ್ಟಿಗೆಗೆ ಇಳಿಬಿಟ್ಟಳು. ಆಮೇಲೆ ಮೇಜಿನ ಹುಡುಗಿಯ ಮುಂದೆ ಎಡಗೈ ತೋರುಬೆರಳು ಚಾಚಿದಳು. ಆ ಹುಡುಗಿ ತಬ್ಬಿಬ್ಬಾಗಿ, ಕೊನೆಗೆ ಬೆರಳನ್ನೇ ಹಿಡಿದು ಮೆಲ್ಲಗೆ ಕುಲುಕಿದಳು.

"ಇಲ್ಲಿ ಮಸಿ ಹಚ್ಚೂದಿಲ್ಲವ್ವಾ" ಎಂದಳು ನಿವೇದಿತಾ.

ಹೊರಗೆ ಚೆರಿ ಹೂವಿನ ಪಕಳೆಗಳು ಉದುರುತ್ತಿದ್ದವು. ಮಗಳು ಬಸ್ ಸ್ಟಾಪಿನ ಕಡೆ ತಿರುಗಿದಳು. ಗಂಗವ್ವ ಬಸ್ಸು ಬೇಡವೆಂದು ಏರನ್ನು ನಡೆದೇ ಹತ್ತಿದಳು.