ಆಲೂಗಡ್ಡೆ ಹೊಲದಲ್ಲಿ ಹಾರಿಸಿದ ಅಮ್ಮಣಿ

ಅಮ್ಮಣಿ ಮೊದಲು ಹಟ್ಟಿಗೆ ಬಂದ ದಿನ ಸಣ್ಣತಾಯಮ್ಮ ಅಂಗಳದಲ್ಲಿ ಕೂತು ಬಿತ್ತನೆ ಆಲೂಗಡ್ಡೆ ಹೆಚ್ಚುತ್ತಿದ್ದಳು. ಹತ್ತಿರದ ಪೇಟೆ ಮಂಜೂರಿಗೆ ಆಗಿನ್ನೂ ಬಸ್ಸು ಬಂದಿರಲಿಲ್ಲ. ಅಮ್ಮಣಿ ಊಟಿ ಆಸ್ಪತ್ರೆಯ ನರ್ಸು. ಗಿಡ್ಡ ಹೆಂಗಸು, ಉದ್ದ ಛತ್ರಿ, ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ. ಕೂತವಳೇ ಕೇಳಿದಳು:

"ಅಕ್ಕ, ಕೆಮ್ಮಿದರೆ ಸೀರೆ ಒದ್ದೆಯಾಗುತ್ತಾ?"

"ನನಗೇನೂ ಇಲ್ಲಮ್ಮ. ನಮ್ಮ ನಾದಿನಿಗಿದೆ ನೋಡು."

ಪಕ್ಕದ ಮನೆಯ ನಾದಿನಿ ಪುಟ್ಟಲಿಂಗಮ್ಮ, "ನನಗೆಲ್ಲಿ? ಅತ್ತಿಗೆಗೇ ಇರೋದು!" ಅಂದಳು.

ಅಮ್ಮಣಿ ಇಬ್ಬರ ಹೆಸರನ್ನೂ ಬರೆದುಕೊಂಡಳು.

ಆರು ಹೆರಿಗೆಯಾಗಿ ಸಣ್ಣತಾಯಮ್ಮನ ಗರ್ಭಕೋಶ ಕೆಳಕ್ಕೆ ಜಾರಿತ್ತು. ಕುಕ್ಕೆ ಹೊತ್ತು ಎರಡು ಬದು ಹತ್ತುವಷ್ಟರಲ್ಲಿ ಕೂತುಬಿಡುತ್ತಿದ್ದಳು. ಅಮ್ಮಣಿಯ ಡಬ್ಬಿಯಲ್ಲಿದ್ದದ್ದು ರಬ್ಬರ್ ಬಳೆಗಳು. ಒಳಗಿಟ್ಟರೆ ಜಾರಿದ್ದು ಮೇಲೆ ನಿಲ್ಲುತ್ತದೆ. ಯಾರಿಗೆ ಎಷ್ಟು ಕಾಲ ನಿಲ್ಲುತ್ತದೆಂದು ಆಸ್ಪತ್ರೆಯ ಡಾಕ್ಟರಮ್ಮ ನಲವತ್ತು ಹೆಂಗಸರಲ್ಲಿ ಒಂದು ವರ್ಷ ನೋಡುವವರಿದ್ದರು. ಅಮ್ಮಣಿ ತಿಂಗಳಿಗೊಮ್ಮೆ ಬಂದು ಬಳೆ ತೊಳೆದು ಹಾಕುವಳು. ಆಮೇಲೆ ಬಳೆ ಜಾರುತ್ತದೋ ಎಂದು ನೋಡಲು ಅವಳೆದುರು ಹತ್ತು ಸಲ ಕೆಮ್ಮಬೇಕು, ಹೊಲದ ಬದುವಿನಿಂದ ಹತ್ತು ಸಲ ಹಾರಬೇಕು. ನೋಡದೆ ಬಿಟ್ಟರೆ ಒಳಗೆ ಹುಣ್ಣಾಗುವ ಭಯ, ಅದಕ್ಕೆ ಒಂದು ತಿಂಗಳು ತಪ್ಪಿದರೂ ಬಳೆ ವಾಪಸ್ಸು.

ಮೂರನೆಯ ತಿಂಗಳು ಸಣ್ಣತಾಯಮ್ಮ ಹಾರುವುದನ್ನು ಗಂಡ ಮಾದಯ್ಯ ಬೇಲಿ ಸಂದಿನಿಂದ ಕಂಡುಬಿಟ್ಟ.

"ಏನೇ ಇದು, ಕಪ್ಪೆ ಹಾಗೆ?"

ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ನಿಜ ಹೇಳಿದರೆ ಸಂಜೆಗೆ ಹಟ್ಟಿಯೆಲ್ಲ ಸುದ್ದಿ, ನಾಚಿಕೆಗೆ ಮುಂದೆ ಹಾರುವುದೂ ಇಲ್ಲ, ಬಳೆಯೂ ಇಲ್ಲ.

"ಗೆಡ್ಡೆ ದಪ್ಪ ಆಗಲಿ ಅಂತ," ಎಂದಳು ಸಣ್ಣತಾಯಮ್ಮ.

ಅಮ್ಮಣಿ ಛತ್ರಿ ಬಿಚ್ಚಿ ಅದರ ಹಿಂದೆ ನಕ್ಕಳು.

ಆ ಸಲ ಗೆಡ್ಡೆಗಳು ಎರಡು ಮುಷ್ಟಿ ಸೇರಿಸಿದಷ್ಟು ಬಂದವು! ಅಲ್ಲಿಂದ ಮುಂದೆ ಮಾದಯ್ಯನೇ, "ಇವತ್ತು ಹಾರೋ ದಿನ ಕಣೇ, ಏಳು," ಎಂದು ಎಬ್ಬಿಸತೊಡಗಿದ. ಪಕ್ಕದ ಹೊಲದ ಮಹಾಲಿಂಗಂ ಬಂದು ಕೈಮುಗಿದ. "ಅಣ್ಣ, ನಮ್ಮ ಕೋಸಿಗೂ ಅತ್ತಿಗೆ ನಾಲ್ಕು ಸಲ ಹಾರಲಿ." ಸಣ್ಣತಾಯಮ್ಮ ಹಲ್ಲು ಕಚ್ಚಿಕೊಂಡು ಅವನ ಬದುವನ್ನೂ ಹತ್ತಿದಳು. ಅಮ್ಮಣಿ ಪುಸ್ತಕದಲ್ಲಿ ಹತ್ತು ಹೊಡೆದುಹಾಕಿ ಹದಿನಾಲ್ಕು ಬರೆದಳು.

ಹನ್ನೆರಡನೆಯ ತಿಂಗಳು ಸಣ್ಣತಾಯಮ್ಮ ತುಂಬಿದ ಕುಕ್ಕೆ ಹೊತ್ತು ಮಂಜೂರಿನವರೆಗೆ ಎಲ್ಲೂ ಕೂರದೆ ನಡೆದಳು. ಹಿಂದೆಯೇ ಓಡಿಬಂದ ಅಮ್ಮಣಿಗೆ ಏದುಸಿರು.

"ಬಳೆ ಇನ್ನು ನಿಮ್ಮದೇ, ಅಕ್ಕ. ತೊಳೆಸೋಕೆ ಮಾತ್ರ ಆಸ್ಪತ್ರೆಗೆ ತಪ್ಪದೆ ಬನ್ನಿ. ನನ್ನನ್ನ ಗೂಡಲೂರಿಗೆ ವರ್ಗ ಹಾಕಿದ್ದಾರೆ."

ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು.

"ಅಲ್ಲಿಯ ಹೆಂಗಸರು ನಾಚಿಕೊಂಡು ಬದು ಹತ್ತೋದೇ ಇಲ್ಲವಂತೆ. ಅಕ್ಕ, ಒಂದು ದಿನ ಬಂದು, ಮೊದಲು ನೀವು ಹಾರಿ ತೋರಿಸ್ತೀರಾ?"