ಯಾರನ್ನೂ ಹಿಂದಕ್ಕೆ ಕಳಿಸದ ಪ್ರಮೇಯ

ಅಫಜಲಪುರದ ಕಾಲೇಜಿನಲ್ಲಿ ನಾನು ಬಿಸಿಎ ಮಕ್ಕಳಿಗೆ ತರ್ಕ ಕಲಿಸುತ್ತೇನೆ. ‘ಎಲ್ಲ’, ‘ಕೆಲವು’, ‘ಆಗಿದ್ದರೆ ಮಾತ್ರ’ ಎಂಬ ಮಾತುಗಳನ್ನು ಅಳೆದು ತೂಗಿ ಬಳಸಿ ಎಂದು ಬೋರ್ಡಿನ ಮುಂದೆ ನಿಂತು ಗದರುತ್ತೇನೆ. ಅಂಥವಳಿಗೆ ಸ್ವಂತ ಪಿಎಚ್‌ಡಿಯಲ್ಲೇ ತರ್ಕ ಕೈಕೊಟ್ಟಿತ್ತು.

ನಾನು ಬರೆದದ್ದು ಒಂದು ತಪಾಸಣೆಯ ಪ್ರೋಗ್ರಾಂ. ಬೇರೆಯವರ ಪ್ರೋಗ್ರಾಂಗಳನ್ನು ಓಡಿಸದೆ ಬರೀ ಓದಿ, ಎಲ್ಲಿ ಸೊನ್ನೆಯಿಂದ ಭಾಗಿಸುವ ತಪ್ಪಾಗಬಹುದೋ ಆ ಸಾಲಿಗೆ ಬೆರಳು ತೋರಿಸುವುದು ಅದರ ಕೆಲಸ. ಬೆರಳು ತೋರಿಸಿದಲ್ಲೆಲ್ಲ ತಪ್ಪು ಇದ್ದೇ ಇರುತ್ತದೆ, ತೋರಿಸದ ಕಡೆ ಇರುವುದೇ ಇಲ್ಲ. ಈ ಎರಡನ್ನೂ ಸೇರಿಸಿ ಒಂದೇ ಪ್ರಮೇಯವಾಗಿ ಸಾಧಿಸಿ ತೋರಿಸುವ ಹಟ ನನ್ನದು. ಎರಡನೆಯದು ನಿಲ್ಲುವ ಲಕ್ಷಣವಿತ್ತು. ಮೊದಲನೆಯದು ಮಾತ್ರ ಪ್ರತಿ ಸಲ ಯಾವುದಾದರೊಂದು ಉದಾಹರಣೆ ಸಿಕ್ಕಿ ಮುರಿದು ಬೀಳುತ್ತಿತ್ತು. ಅದನ್ನು ಬಿಟ್ಟುಬಿಡಿ ಎಂದು ಗೈಡ್ ಸರ್ ಎರಡು ಸಲ ಹೇಳಿದ್ದರು. ತಪ್ಪಿಲ್ಲದ ಸಾಲನ್ನೂ ಅನುಮಾನಿಸುವ ಸಾಧನ ಯಾರಿಗೆ ಬೇಕು ಎಂದು ನಾನು ಮುಖ ಊದಿಸಿಕೊಂಡು ಬಂದಿದ್ದೆ. ಈಗ ನೋಂದಣಿಯ ಅವಧಿ ಮುಗಿಯಲು ಒಂದೂವರೆ ತಿಂಗಳಿತ್ತು. ಅಷ್ಟರಲ್ಲಿ ಸಾಧನೆ ಕೈಗೆ ಬರದಿದ್ದರೆ ಐದು ವರ್ಷದ ಕೆಲಸ ನೀರುಪಾಲು.

ಆ ಭಾನುವಾರ ಗಾಣಗಾಪುರದ ಅಕ್ಕನ ಮನೆಗೆ ಹೋದೆ. ಮಧ್ಯಾಹ್ನ ದತ್ತ ಮಹಾರಾಜರೇ ಯಾವುದೋ ವೇಷದಲ್ಲಿ ಮಧುಕರಿ ಭಿಕ್ಷೆ ಬೇಡಲು ಬರುತ್ತಾರೆಂಬುದು ಅಲ್ಲಿಯ ನಂಬಿಕೆ. ಭಕ್ತರೂ ಐದು ಮನೆ ಬೇಡಿಯೇ ಉಣ್ಣುತ್ತಾರೆ. ಅಕ್ಕ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ರೊಟ್ಟಿ ಹಾಕುತ್ತಿದ್ದಳು. ಕಪ್ಪು ಕನ್ನಡಕದವನೊಬ್ಬ ಕಿವಿಯಿಂದ ಫೋನು ತೆಗೆಯದೆ ಜೋಳಿಗೆ ಒಡ್ಡಿದ. ಅವನಿಗೂ ರೊಟ್ಟಿ ಬಿತ್ತು. ನನಗೆ ಸಿಟ್ಟು ಬಂತು.

“ಅಕ್ಕಾ, ಇಂವಾ ದೇವ್ರಂಗ ಕಾಣ್ತಾನೇನ?”

“ಕಾಣಂಗಿಲ್ಲ. ಆದ್ರ ಅಲ್ಲಂತ ನಾ ಹೆಂಗ ಹೇಳ್ಲಿ ಬೇ? ಆರಿಸ್ಕೋತ ನಿಂತು ದೇವ್ರನ್ನೇ ಹೊಳ್ಳಿ ಕಳಿಸಿಬಿಟ್ರ? ನಾಕು ರೊಟ್ಟಿ ಹೆಚ್ಚಿಗಿ ಹೋಗ್ತಾವ, ಹೋಗ್ಲಿ.”

ತಾಟಿನಲ್ಲಿ ರೊಟ್ಟಿ ಮುರಿಯುತ್ತಿದ್ದ ನನ್ನ ಕೈ ನಿಂತಿತು. ಯಾವ ತಪ್ಪಾದರೆ ನಡೆಯುತ್ತದೆ, ಯಾವುದು ಆಗಲೇಬಾರದು ಎಂಬುದನ್ನು ಅಕ್ಕ ಮೊದಲೇ ತೀರ್ಮಾನಿಸಿಕೊಂಡಿದ್ದಳು. ಇಷ್ಟು ಓದಿದ ನಾನು ತೀರ್ಮಾನಿಸಿರಲಿಲ್ಲ. ಸರ್ ಎರಡು ಸಲ ಹೇಳಿದ್ದೂ ಇದನ್ನೇ. ಅವರ ಮಾತು ನನ್ನ ತಲೆಗೆ ಹೋಗದಂತೆ ಅಡ್ಡ ನಿಂತಿದ್ದದ್ದು ನನ್ನ ಜಂಬ, ಬೇರೇನಲ್ಲ.

ಊಟ ಮುಗಿಸಿ, ಬೆರಳು ತೋರಿಸಿದಲ್ಲೆಲ್ಲ ತಪ್ಪು ಇದ್ದೇ ಇರುತ್ತದೆ ಎಂಬ ಪ್ರಮೇಯದ ಮೊದಲರ್ಧವನ್ನು ಹೊಡೆದುಹಾಕಿದೆ. ಉಳಿದರ್ಧದ ಸಾಧನೆ ಅಕ್ಕ ಸಂಜೆಯ ಚಹಾ ಮಾಡುವಷ್ಟರಲ್ಲಿ ಒಂದೂವರೆ ಪುಟದಲ್ಲಿ ಮುಗಿಯಿತು.

ಮರುವಾರ ಕಲಬುರಗಿಯಲ್ಲಿ ಗೈಡ್ ಸರ್ ಅದನ್ನು ಬೆರಳಿಟ್ಟು ಸಾಲು ಸಾಲಾಗಿ ಓದಿದರು. ನಾನು ಉಗುರು ಕಚ್ಚುತ್ತ ಕೂತಿದ್ದೆ.

“ತೂತಿಲ್ಲ ಬಿಡ್ರಿ,” ಎಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು, “ಸುಮ್‌ಸುಮ್ನ ಬೆರಳ ತೋರ್ಸೋದು ಎಷ್ಟರೀ?”

“ಭಾಳ ತೋರಸ್ತದ್ರಿ ಸರ್. ಖರೇ ತಪ್ಪು ಮಾತ್ರ ಒಂದೂ ಬಿಡಂಗಿಲ್ಲ.”

ಇಷ್ಟನ್ನು ನಾಚಿಕೊಳ್ಳದೆ ಹೇಳಲು ನನಗೆ ಐದು ವರ್ಷ ಹಿಡಿದಿತ್ತು. ಸರ್ ನಕ್ಕು ಸಹಿ ಹಾಕಿದರು. ವಾಪಸ್ ಬರುವ ಬಸ್ಸಿನಲ್ಲಿ ಎಂಥ ನಿದ್ದೆ ಹತ್ತಿತೆಂದರೆ, ಅಫಜಲಪುರದಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರೇ ಬಂದು ಎಬ್ಬಿಸಬೇಕಾಯಿತು.